ತಾಯಿ ಕಾರ್ಡಿನ ಖಾಲಿ ಖಾನೆಗಳು: ಸಾಂಕ್ರಾಮಿಕದ ನಡುವೆ ಮಕ್ಕಳ ಆರೋಗ್ಯ

2020ರ ಫೆಬ್ರುವರಿ 13ರ ಗುರುವಾರ ಕರ್ನಾಟಕದ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ಹುಟ್ಟಿದ ಒಂದು ಮಗುವನ್ನು ಊಹಿಸಿಕೊಳ್ಳೋಣ. ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಚುಚ್ಚುಮದ್ದು ಇವೆಲ್ಲ ಹೆರಿಗೆ ವಾರ್ಡಿನಲ್ಲೇ ಮುಗಿದಿರುತ್ತವೆ; ತಾಯಿ ಕಾರ್ಡಿನ ಲಸಿಕೆ ಪಟ್ಟಿಯಲ್ಲಿ ಮೊದಲ ಸಾಲಿನ ಖಾನೆಗಳಲ್ಲಿ ನೀಲಿ ಶಾಯಿಯ ದಿನಾಂಕ ಬಿದ್ದಿರುತ್ತದೆ. ಎರಡನೆಯ ಸಾಲು ಆರು ವಾರದ್ದು: ಪೆಂಟಾವೇಲೆಂಟ್ (ಐದು ರೋಗಗಳನ್ನು ತಡೆಯುವ ಒಂದೇ ಚುಚ್ಚುಮದ್ದು), ರೋಟಾ ವೈರಸ್, ಪೋಲಿಯೊ. ಆರು ವಾರ ಎಣಿಸಿದರೆ ಬರುವುದು ಮಾರ್ಚ್ 26. ಅದೂ ಗುರುವಾರವೇ, ಅಂದರೆ ನಮ್ಮ ಆರೋಗ್ಯ ಉಪಕೇಂದ್ರಗಳಲ್ಲಿ ಲಸಿಕೆ ಹಾಕುವ ದಿನ. ಆದರೆ ಆ ಗುರುವಾರ ಯುಗಾದಿಯ ಮಾರನೆಯ ದಿನವಾಗಿತ್ತು, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಕುಳಿತ ಎರಡನೆಯ ದಿನವೂ ಆಗಿತ್ತು. ಹತ್ತು ವಾರದ ಲಸಿಕೆ ಏಪ್ರಿಲ್ 23ಕ್ಕೆ ಬರಬೇಕು, ಹದಿನಾಲ್ಕು ವಾರದ್ದು ಮೇ 21ಕ್ಕೆ. ಎರಡೂ ಲಾಕ್‌ಡೌನಿನ ಒಳಗೇ. ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಲಸಿಕೆಯ ದಿನ ಆ ವರ್ಷದ ದೀಪಾವಳಿಯ ಹೊತ್ತಿಗೆ ಬರುತ್ತದೆ. ಹದಿನಾರು ತಿಂಗಳಿಗೆ ಕೊಡಬೇಕಾದ ಅದರ ಎರಡನೆಯ ಡೋಸ್ ಬೀಳುವುದು 2021ರ ಜೂನ್ ಮಧ್ಯದಲ್ಲಿ, ರಾಜ್ಯದ 11 ಜಿಲ್ಲೆಗಳು ಎರಡನೆಯ ಅಲೆಯ ಲಾಕ್‌ಡೌನಿನಿಂದ ಇನ್ನೂ ಹೊರಬಾರದಿದ್ದ ವಾರದಲ್ಲಿ.

ಈ ಮಗುವಿಗೆ ಆ ಎರಡು ವರ್ಷಗಳಲ್ಲಿ ಕೋವಿಡ್ ತಗುಲಿತೇ ಎಂದು ಕೇಳಿದರೆ, ಬಹುಶಃ ತಗುಲಿರುತ್ತದೆ, ಎರಡು ದಿನದ ಜ್ವರವಾಗಿ ಬಂದು ಹೋಗಿರುತ್ತದೆ, ಮನೆಯವರಿಗೆ ಗೊತ್ತೂ ಆಗಿರಲಿಕ್ಕಿಲ್ಲ. ಆ ಕಾಲದಲ್ಲಿ ಅದರ ಆರೋಗ್ಯಕ್ಕೆ ಏನಾಯಿತು ಎಂಬುದನ್ನು ತಿಳಿಯಬೇಕಾದರೆ ಕೋವಿಡ್ ಪರೀಕ್ಷೆಯ ವರದಿಗಿಂತ ಆ ಕಾರ್ಡನ್ನು ಬಿಡಿಸಿ ನೋಡುವುದು ಲೇಸು. ಕೋವಿಡ್ ಕಾಲದಲ್ಲಿ ಮಕ್ಕಳ ಆರೋಗ್ಯದ ಮಾತು ಬಂದಾಗಲೆಲ್ಲ ನಾವು ಚರ್ಚಿಸಿದ್ದು ವೈರಾಣು ಮಕ್ಕಳಿಗೆ ಏನು ಮಾಡೀತು ಎಂಬುದನ್ನು. ವೈರಾಣುವಿನ ಭಯದಲ್ಲಿ ನಾವು ಮಕ್ಕಳ ಸುತ್ತ ಏನೇನನ್ನು ನಿಲ್ಲಿಸಿದೆವು, ಅದರ ಬೆಲೆ ಎಷ್ಟು ಎಂಬ ಲೆಕ್ಕಕ್ಕೆ ಕುಳಿತದ್ದು ಬಹಳ ತಡವಾಗಿ, ಅದೂ ಅರೆಮನಸ್ಸಿನಿಂದ.

ಮೊದಲಿಗೆ ವೈರಾಣುವಿನ ವಿಷಯವನ್ನೇ ನೋಡೋಣ. ವಯಸ್ಸು ಏರಿದಂತೆ ಅಪಾಯ ಏರುವುದು ಕೋವಿಡ್‌ನ ಸ್ವಭಾವ. ವಯಸ್ಸಿನ ವಿವರ ಲಭ್ಯವಿರುವ ಸಾವುಗಳನ್ನು ಜಗತ್ತಿನ ಬೇರೆ ಬೇರೆ ದೇಶಗಳಿಂದ ಒಟ್ಟುಗೂಡಿಸಿ ಯುನಿಸೆಫ್ ಮಾಡಿದ ಲೆಕ್ಕದಲ್ಲಿ 20 ವರ್ಷದೊಳಗಿನವರ ಪಾಲು ಸುಮಾರು ಶೇ 0.4 ಮಾತ್ರ. ಆದರೆ ಇದು 2020ರ ಮಾರ್ಚ್‌ನಲ್ಲಿ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಅಲ್ಲಿಯವರೆಗೆ ಸರ್ಕಾರಗಳ ಕೈಯಲ್ಲಿದ್ದ ಸಾಂಕ್ರಾಮಿಕ ಯೋಜನೆಗಳೆಲ್ಲ ಹೆಚ್ಚುಕಡಿಮೆ ಇನ್‌ಫ್ಲುಯೆಂಜಾವನ್ನು ಮನಸ್ಸಿನಲ್ಲಿಟ್ಟು ಬರೆದಂಥವು. ಫ್ಲೂ ಜ್ವರದಲ್ಲಿ ಶಾಲೆಯ ಮಕ್ಕಳೇ ಸೋಂಕನ್ನು ಮನೆಮನೆಗೆ ಹೊತ್ತು ತರುವವರು, ಆದ್ದರಿಂದ ಶಾಲೆ ಮುಚ್ಚುವುದು ಅಲ್ಲಿ ಮೊದಲ ಹೆಜ್ಜೆ. 2009ರ ಎಚ್1ಎನ್1 (ಹಂದಿಜ್ವರ) ಬಂದಾಗ ವಯಸ್ಸಾದವರಿಗಿಂತ ಮಕ್ಕಳಿಗೂ ಯುವಕರಿಗೂ ಹೆಚ್ಚು ತಗುಲಿತ್ತು. ಆ ನೆನಪಿನಲ್ಲಿ ನಮ್ಮ ರಾಜ್ಯ ದೇಶದ ಲಾಕ್‌ಡೌನಿಗೂ ಮುಂಚೆಯೇ, ಮಾರ್ಚ್ ಎರಡನೆಯ ವಾರದಲ್ಲೇ, ಬೆಂಗಳೂರಿನ ಚಿಕ್ಕ ಮಕ್ಕಳ ತರಗತಿಗಳಿಗೆ ರಜೆ ಕೊಟ್ಟಿತು. ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದೂ ಅದೇ ವಾರ. ಆ ನಿರ್ಧಾರವನ್ನು ಇಂದು ಹೀಗಳೆಯುವುದು ನ್ಯಾಯವಲ್ಲ. ಗೊತ್ತಿಲ್ಲದ ಹಾವಿನ ಹುತ್ತಕ್ಕೆ ಯಾರೂ ಕೈ ಹಾಕುವುದಿಲ್ಲ. ಪ್ರಶ್ನೆ ಇರುವುದು ಹಾವು ಯಾವ ಜಾತಿಯದೆಂದು ತಿಳಿದ ಮೇಲೆ ಏನು ಮಾಡಿದೆವು ಎಂಬುದರಲ್ಲಿ.

ಮತ್ತೆ ಕಾರ್ಡಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯು ಸಾಂಕ್ರಾಮಿಕದ ಸಮಯದಲ್ಲಿ ಲಸಿಕೆ ಕಾರ್ಯಕ್ರಮ ಹೇಗೆ ನಡೆಯಬೇಕೆಂಬ ಮಾರ್ಗಸೂಚಿಯನ್ನು ಹೊರಡಿಸಿದ್ದು 2020ರ ಮಾರ್ಚ್ 26ರಂದು, ನಮ್ಮ ಊಹೆಯ ಮಗುವಿಗೆ ಆರು ವಾರ ತುಂಬಿದ ದಿನವೇ. ಜನ ಗುಂಪುಗೂಡುವ ಲಸಿಕಾ ಅಭಿಯಾನಗಳನ್ನು ಮುಂದಕ್ಕೆ ಹಾಕಿ, ಆದರೆ ವಾಡಿಕೆಯ ಲಸಿಕೆಯನ್ನು ಸಾಧ್ಯವಾದಷ್ಟು ನಿಲ್ಲಿಸಬೇಡಿ ಎಂಬುದು ಅದರ ಸಾರಾಂಶ. ಕಾಗದದ ಮೇಲೆ ನಮ್ಮ ನೀತಿಯೂ ಅದೇ ಆಗಿತ್ತು. ನೆಲದ ಮೇಲೆ ಬೇರೆಯೇ ನಡೆಯಿತು. ಲಸಿಕೆ ಬಾಟಲಿಗಳು ಐಸ್ ಲೈನ್ಡ್ ರೆಫ್ರಿಜರೇಟರಿನಲ್ಲಿ ತಣ್ಣಗೇ ಇದ್ದವು. ಅವು ಮಗುವನ್ನು ತಲುಪಲು ಬೇಕಾದ ಕೊನೆಯ ಮೂರು ಕಿಲೋಮೀಟರ್‌ ದಾರಿ ಕಡಿದುಹೋಗಿತ್ತು. ಬಸ್ಸಿಲ್ಲ, ಆಟೊ ಇಲ್ಲ. ಉಪಕೇಂದ್ರದ ಸಿಸ್ಟರ್‌ರನ್ನು ಚೆಕ್‌ಪೋಸ್ಟಿಗೋ ಗಂಟಲ ದ್ರವ ಸಂಗ್ರಹಕ್ಕೋ ಹಾಕಲಾಗಿತ್ತು. ‘ನಾಳೆ ಗುರುವಾರ, ಮಗೂನ ಕರ್ಕೊಂಡು ಬಾ’ ಎಂದು ಬುಧವಾರ ಸಂಜೆ ಮನೆ ಮುಂದೆ ನಿಂತು ಹೇಳುತ್ತಿದ್ದ ಆಶಾ ಕಾರ್ಯಕರ್ತೆ ಈಗ ಯಾರ ಮನೆಗೆ ಬೆಂಗಳೂರಿನಿಂದ ಯಾರು ಬಂದರು, ಯಾರಿಗೆ ಕೆಮ್ಮಿದೆ ಎಂದು ಬರೆದುಕೊಳ್ಳುವ ಕೆಲಸದಲ್ಲಿದ್ದಳು. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದರು. ಕೋವಿಡ್ ಕೆಲಸವೆಲ್ಲ ಅವರ ಹೆಗಲಿಗೆ ಬಿತ್ತು, ರಕ್ಷಣಾ ಸಾಮಗ್ರಿಗೂ 12 ಸಾವಿರ ರೂಪಾಯಿ ಮಾಸಿಕ ಗೌರವಧನಕ್ಕೂ 2020ರ ಜುಲೈಯಲ್ಲಿ ಅವರು ಮುಷ್ಕರ ಹೂಡಬೇಕಾಯಿತು. ಆಶಾ ಮುನಿಸಿಕೊಂಡ ದಿನ ಹಳ್ಳಿಯ ಆರೋಗ್ಯ ವ್ಯವಸ್ಥೆಯಲ್ಲಿ ಉಳಿಯುವುದು ಕಟ್ಟಡ ಮಾತ್ರ.

ಇದರ ಮೇಲೆ ಆಸ್ಪತ್ರೆಯ ಭಯ. ಆಸ್ಪತ್ರೆಗೆ ಹೋದರೆ ಅಲ್ಲಿಂದಲೇ ಕೊರೊನಾ ಅಂಟಿಕೊಂಡು ಬರುತ್ತದೆ, ಇಲ್ಲವೇ ಪರೀಕ್ಷೆ ಮಾಡಿ ಕ್ವಾರಂಟೈನಿಗೆ ಎಳೆದೊಯ್ಯುತ್ತಾರೆ ಎಂಬ ಅಳುಕಿನಿಂದ ಬಾಣಂತಿಯರನ್ನೂ ಕೂಸುಗಳನ್ನೂ ಹೊಸ್ತಿಲು ದಾಟಿಸದ ಮನೆಗಳು ಊರೂರಲ್ಲೂ ಇದ್ದವು. ಇದು ನಮ್ಮಲ್ಲಷ್ಟೇ ಆದದ್ದಲ್ಲ. ಟೈಪ್ 1 ಮಧುಮೇಹದ ಮಕ್ಕಳನ್ನು ತಡವಾಗಿ, ರಕ್ತ ಆಮ್ಲೀಯವಾಗಿ ಪ್ರಜ್ಞೆ ತಪ್ಪುವ ಹಂತದಲ್ಲಿ ತರುತ್ತಿದ್ದಾರೆಂದು ಜರ್ಮನಿ, ಇಟಲಿಯ ವೈದ್ಯರೂ ಆಗ ವರದಿ ಮಾಡಿದರು.

ಫಲಿತಾಂಶ 2021ರ ಜುಲೈಯಲ್ಲಿ ಅಂಕಿಗಳಾಗಿ ಬಂತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 2.3 ಕೋಟಿ ಮಕ್ಕಳಿಗೆ ಮೂಲ ಲಸಿಕೆಗಳು ಪೂರ್ಣವಾಗಿ ಸಿಗಲಿಲ್ಲ. ಹಿಂದಿನ ವರ್ಷಕ್ಕಿಂತ ಇದು 37 ಲಕ್ಷ ಹೆಚ್ಚು. ಭಾರತದಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧದ ಲಸಿಕೆಯ (ಡಿಪಿಟಿ) ಮೂರನೆಯ ಡೋಸ್ ಪಡೆದವರ ಪ್ರಮಾಣ ಶೇ 91ರಿಂದ 85ಕ್ಕೆ ಇಳಿಯಿತು. ಆರು ಅಂಶಗಳ ಇಳಿತ ಕೇಳುವುದಕ್ಕೆ ಚಿಕ್ಕದು. ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟುವ ದೇಶದಲ್ಲಿ ಒಂದೊಂದು ಅಂಶವೂ ಎರಡು ಲಕ್ಷಕ್ಕಿಂತ ಹೆಚ್ಚು ಕೂಸುಗಳು ಎಂದುಕೊಂಡರೆ ಅದರ ಗಾತ್ರ ತಿಳಿಯುತ್ತದೆ.

ಮುಂದೆ, 2022ರಲ್ಲಿ, ಇದೇ ಪ್ರಮಾಣ ಶೇ 93ಕ್ಕೆ ಏರಿತು. ಸಾಂಕ್ರಾಮಿಕದ ಹಿಂದಿನ ಮಟ್ಟವನ್ನೂ ದಾಟಿದ್ದು ನಿಜವಾಗಿಯೂ ದೊಡ್ಡ ಸಾಧನೆ, ಮತ್ತು ಅದರ ಶ್ರೇಯ ಬಿಸಿಲಲ್ಲಿ ನಡೆದ ಹೆಂಗಸರದು. ಆದರೆ ಈ ಅಂಕಿಯನ್ನು ಓದುವಾಗ ಒಂದು ಎಚ್ಚರ ಬೇಕು. ಶೇ 93 ಎಂಬುದು ಆ ವರ್ಷದ ಕೂಸುಗಳ ಲೆಕ್ಕ. 2020ರಲ್ಲಿ ತಪ್ಪಿಸಿಕೊಂಡ ಮಗು ಅಷ್ಟರಲ್ಲಿ ಎರಡು ವರ್ಷದ್ದಾಗಿರುತ್ತದೆ, ಆ ವರ್ಷದ ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ. ಅದನ್ನು ಹುಡುಕಿ ಹಾಕದ ಹೊರತು ಅದರ ಖಾನೆ ಖಾಲಿಯೇ, ಸರಾಸರಿ ಎಷ್ಟೇ ಏರಲಿ.

ಹುಡುಕದಿದ್ದರೆ ಏನಾಗುತ್ತದೆಂಬುದನ್ನು ದಡಾರ ತೋರಿಸಿಕೊಟ್ಟಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗೊಬ್ಬರ ಎಂದೂ, ಇನ್ನು ಕೆಲವು ಕಡೆ ‘ಅಮ್ಮ’ ಎಂದೂ ಕರೆಯುವ ಈ ಕಾಯಿಲೆ ಹರಡುವ ವೇಗದಲ್ಲಿ ಕೋವಿಡನ್ನೂ ಹಿಂದೆ ಹಾಕಬಲ್ಲದು. ಪ್ರತಿರಕ್ಷೆ ಇಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಹಬ್ಬುತ್ತದೆ ಎನ್ನುವುದು ವೈದ್ಯಶಾಸ್ತ್ರದ ಹಳೆಯ ಲೆಕ್ಕ. ಆದ್ದರಿಂದಲೇ ಅದನ್ನು ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡು ಡೋಸ್ ಆಗಿರಬೇಕು. ಲಸಿಕೆಯಲ್ಲಿ ಎಲ್ಲೇ ಕುಳಿ ಬಿದ್ದಿರಲಿ, ಮೊದಲು ಕಾಣಿಸಿಕೊಳ್ಳುವುದು ದಡಾರ. 2022ರ ಕೊನೆಯ ತಿಂಗಳುಗಳಲ್ಲಿ ಮುಂಬೈಯ ಗೋವಂಡಿಯ ಕಿಕ್ಕಿರಿದ ಓಣಿಗಳಲ್ಲಿ ಅದು ಎದ್ದಿತು, ಮಕ್ಕಳು ಸತ್ತರು. ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಂಚಿ, ಅಹಮದಾಬಾದ್, ಮಲಪ್ಪುರಂಗಳಿಗೂ ತಜ್ಞರ ತಂಡಗಳನ್ನು ಕಳುಹಿಸಬೇಕಾಯಿತು. ದಡಾರ ಒಮ್ಮೆ ಬಂದು ಹೋದ ಮಗುವಿನ ದೇಹ ತಾನು ಮುಂಚೆ ಕಲಿತಿದ್ದ ಬೇರೆ ರೋಗಗಳ ಪ್ರತಿರಕ್ಷೆಯನ್ನೂ ಒಂದಷ್ಟು ಮರೆತುಬಿಡುತ್ತದೆ. ವಿಟಮಿನ್ ಎ ಕೊರತೆ ಇರುವ, ಸೊರಗಿದ ಮಗುವಿಗಂತೂ ಅದು ಕಣ್ಣನ್ನೋ ಪ್ರಾಣವನ್ನೋ ತೆಗೆಯಬಹುದು. ಒಂಬತ್ತು ತಿಂಗಳ ಲಸಿಕೆಯ ಜೊತೆಗೇ ಒಂದು ಮಿಲಿಲೀಟರ್ ವಿಟಮಿನ್ ಎ ದ್ರಾವಣವನ್ನು ಚಮಚದಲ್ಲಿ ಕುಡಿಸುವುದು ಅದಕ್ಕಾಗಿಯೇ. ಖಾನೆ ಖಾಲಿ ಬಿದ್ದಾಗ ಲಸಿಕೆಯ ಜೊತೆ ಆ ಚಮಚವೂ ತಪ್ಪುತ್ತದೆ.

ಸೊರಗಿದ ಮಗು ಎಂದೆ. ಕೋವಿಡ್ ಬರುವ ಮುನ್ನವೇ ಕರ್ನಾಟಕದ ಪರಿಸ್ಥಿತಿ ಹೇಗಿತ್ತೆಂಬುದಕ್ಕೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ದಾಖಲೆ ಇದೆ. ನಮ್ಮ ರಾಜ್ಯದಲ್ಲಿ ಅದು ನಡೆದದ್ದು 2019ರ ಜುಲೈಯಿಂದ ಡಿಸೆಂಬರ್‌ವರೆಗೆ, ಅಂದರೆ ಸರಿಯಾಗಿ ಸಾಂಕ್ರಾಮಿಕದ ಹೊಸ್ತಿಲಲ್ಲಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 19.5ರಷ್ಟು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಆರು ತಿಂಗಳು ದಾಟಿದ ಎಳೆಯರಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಮೂರರಲ್ಲಿ ಎರಡು ಮಕ್ಕಳ ಕಣ್ಣರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದ ರಾಜ್ಯಕ್ಕೆ ಸಾಂಕ್ರಾಮಿಕ ಬಂತು, ಮತ್ತು ನಾವು ಮಾಡಿದ ಮೊದಲ ಕೆಲಸಗಳಲ್ಲೊಂದು ಅವರ ಅಡುಗೆಮನೆಗಳಿಗೆ ಬೀಗ ಹಾಕಿದ್ದು.

ಅಡುಗೆಮನೆ ಎಂದರೆ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳು, ಅದರ ಜೊತೆಗೆ ಸರ್ಕಾರಿ ಶಾಲೆಗಳ ಬಿಸಿಯೂಟ. ಕೇಂದ್ರದ ನಿಯಮದಂತೆ ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕಿಲೊಕ್ಯಾಲರಿ, 12 ಗ್ರಾಂ ಪ್ರೊಟೀನ್ ಸಿಗಬೇಕು. ನಮ್ಮ ರಾಜ್ಯದಲ್ಲಿ 2013ರಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲೂ ಸೇರಿತ್ತು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 18ರಷ್ಟು ಮುಂಚೆಯೇ, ಯಾರೂ ಅರ್ಜಿ ಹಾಕದೆ ತಾನಾಗಿಯೇ, ಶಾಲೆ ಮುಚ್ಚಿದರೆ ಮಕ್ಕಳ ಊಟದ ಗತಿಯೇನು ಎಂದು ರಾಜ್ಯಗಳನ್ನು ಕೇಳಿತು. ಉತ್ತರವಾಗಿ ಬಂದದ್ದು ಒಣ ಪಡಿತರ: ಅಕ್ಕಿ, ಬೇಳೆ, ಗೋಧಿ ಕಟ್ಟಿ ಮನೆಗೆ ಕೊಡುವ ವ್ಯವಸ್ಥೆ. ಏನೂ ಇಲ್ಲದಿದ್ದುದಕ್ಕಿಂತ ಇದು ಮೇಲು, ಎಷ್ಟೋ ಮನೆಗಳು ಅದರಿಂದಲೇ ಉಂಡವು. ಆದರೆ ಪಡಿತರ ಮತ್ತು ಬಿಸಿಯೂಟ ಒಂದೇ ಅಲ್ಲ, ಈ ವ್ಯತ್ಯಾಸವನ್ನು ಲೆಕ್ಕಪತ್ರ ಕಾಣುವುದಿಲ್ಲ. ಶಾಲೆಯ ಜಗಲಿಯ ಮೇಲೆ ಸಾಲಾಗಿ ಕುಳಿತ ಮಗುವಿನ ತಟ್ಟೆಗೆ ಬಿದ್ದ ಅನ್ನ-ಸಾಂಬಾರು ಆ ಮಗುವಿನದೇ. ಮನೆಯ ಡಬ್ಬಿಗೆ ಬಿದ್ದ ಅಕ್ಕಿಗೆ ಯಾರ ಹೆಸರೂ ಇರುವುದಿಲ್ಲ. ಕೂಲಿ ನಿಂತ ಮನೆಯಲ್ಲಿ ಆರು ಜನರಿದ್ದರೆ ಆ ಅಕ್ಕಿ ಆರು ಪಾಲಾಗುತ್ತದೆ. ಉಣ್ಣುವ ಕ್ರಮದಲ್ಲಿ ಮೊದಲು ಗಂಡಸರು, ಕೊನೆಗೆ ಹೆಣ್ಣುಮಗು ಮತ್ತು ಅವಳ ತಾಯಿ. ಹಾಲು ಮೊಟ್ಟೆಗಳ ಮಾತಂತೂ ಬೇರೆಯೇ. ಬೇಳೆಯನ್ನು ಮಾರಿ ಎಣ್ಣೆ ಕೊಂಡ ಮನೆಯನ್ನು ದೂರುವ ಹಕ್ಕು ನನಗಂತೂ ಇಲ್ಲ.

ಅಂಗನವಾಡಿ ಮುಚ್ಚಿದಾಗ ನಿಂತದ್ದು ಊಟ ಮಾತ್ರವಲ್ಲ, ತೂಕವೂ. ಪ್ರತಿ ತಿಂಗಳು ಮಗುವನ್ನು ತಕ್ಕಡಿಗೆ ಹಾಕಿ ಬೆಳವಣಿಗೆಯ ಗೆರೆಯ ಮೇಲೆ ಚುಕ್ಕಿ ಇಡುವುದು, ತೋಳಿನ ಸುತ್ತಳತೆ ನೋಡುವುದು, ಇವು ಯಾರ ಗಮನವನ್ನೂ ಸೆಳೆಯದ ಕೆಲಸಗಳು. ತೋಳಿಗೆ ಸುತ್ತುವ ಆ ಪಟ್ಟಿಯಲ್ಲಿ 11.5 ಸೆಂಟಿಮೀಟರ್‌ಗಿಂತ ಕೆಳಗೆ ಕೆಂಪು ಬಣ್ಣವಿರುತ್ತದೆ. ಅಲ್ಲಿಗೆ ಇಳಿದ ಮಗು ತೀವ್ರ ಅಪೌಷ್ಟಿಕತೆಯದು, ಅದನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಬೇಕು. ಅದರ ಮೇಲೆ 12.5ರವರೆಗೆ ಹಳದಿ. ಹಳದಿಯಲ್ಲಿರುವ ಮಗು ಕೆಂಪಿಗೆ ಜಾರಲು ಒಂದು ವಾರದ ಭೇದಿ ಸಾಕು. ಪಟ್ಟಿ ಸುತ್ತುವವರೇ ಮನೆಗೆ ಬಾರದಿದ್ದರೆ ಹಳದಿ ಕೆಂಪಾದದ್ದು ತಾಯಿಯ ಕಣ್ಣಿಗೂ ಕಾಣುವುದಿಲ್ಲ, ದಿನವೂ ನೋಡುವ ಮುಖ ಸೊರಗಿದ್ದು ಗೊತ್ತಾಗುವುದಿಲ್ಲವಲ್ಲ. ಚಿಕ್ಕ ಮಕ್ಕಳಿಗೆ ಅಂಗನವಾಡಿಯ ಬಾಗಿಲು ಮತ್ತೆ ತೆರೆದದ್ದು 2021ರ ನವೆಂಬರ್ 8ರಂದು. ಅದೇ ವರ್ಷದ ಡಿಸೆಂಬರ್ 1ರಿಂದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರದ ಕಡೆಯ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಬಂತು. ಅದನ್ನು ವಿರೋಧಿಸಿ ಕೆಲವು ಮಠಾಧೀಶರು ಎದ್ದು ನಿಂತದ್ದೂ, ‘ನಮಗೆ ಮೊಟ್ಟೆ ಬೇಕು’ ಎಂದು ಮಕ್ಕಳೇ ತಿರುಗಿ ಮಾತಾಡಿದ್ದೂ ಓದುಗರಿಗೆ ನೆನಪಿರಬಹುದು. ಸಾಂಕ್ರಾಮಿಕ ಕಾಲದಲ್ಲಿ ಮಕ್ಕಳ ಆರೋಗ್ಯದ ಬಗ್ಗೆ ಮಕ್ಕಳೇ ಹೇಳಿದ ಅತ್ಯಂತ ಸ್ಪಷ್ಟವಾದ ಮಾತು ಅದು ಎಂದು ನನ್ನ ಎಣಿಕೆ.

ಶಾಲೆಯ ವಿಷಯದಲ್ಲಿ ನಮ್ಮ ರಾಜ್ಯದ ನಡೆ ಓಲಾಡಿದ್ದೇ ಹೆಚ್ಚು. 2020ರ ಜೂನ್-ಜುಲೈಯಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಿದ ಧೈರ್ಯ ಒಂದು ಕಡೆ, ಒಂದರಿಂದ ಐದನೆಯ ತರಗತಿಯನ್ನು ಹತ್ತೊಂಬತ್ತು ತಿಂಗಳು ತೆರೆಯದ ಅಂಜಿಕೆ ಇನ್ನೊಂದು ಕಡೆ. ಆ ಎಳೆಯರ ತರಗತಿ ಮತ್ತೆ ಶುರುವಾದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ವಿದ್ಯಾಗಮ ಎಂಬ ಒಳ್ಳೆಯ ಯೋಚನೆ ಬಂದಿತ್ತು: ಅರಳಿಕಟ್ಟೆ, ದೇವಸ್ಥಾನದ ಪ್ರಾಂಗಣ, ಸಮುದಾಯ ಭವನ, ಎಲ್ಲಿ ಗಾಳಿ ಆಡುತ್ತದೋ ಅಲ್ಲಿ ಮೇಷ್ಟರೇ ಬಂದು ಪಾಠ ಮಾಡುವುದು. ಗಾಳಿಯಲ್ಲಿ ಹರಡುವ ಸೋಂಕಿಗೆ ಬಯಲೇ ಮದ್ದು ಎಂಬುದನ್ನು ಅದು ಅರಿವಿದ್ದೋ ಇಲ್ಲದೆಯೋ ಹಿಡಿದಿತ್ತು. ಶಿಕ್ಷಕರಿಗೂ ಕೆಲವು ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಬಂದಾಗ 2020ರ ಅಕ್ಟೋಬರ್‌ನಲ್ಲಿ ಅದನ್ನು ತಡೆಹಿಡಿಯಲಾಯಿತು. ತಿದ್ದಿ ನಡೆಸಬಹುದಿತ್ತು.

ಮುಚ್ಚಿದ್ದರಿಂದ ಮಕ್ಕಳು ಸೋಂಕಿನಿಂದ ಉಳಿದರೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2021ರ ಜೂನ್-ಜುಲೈಯಲ್ಲಿ ನಡೆಸಿದ ನಾಲ್ಕನೆಯ ಸೀರೊ ಸಮೀಕ್ಷೆ ಇದಕ್ಕೆ ಉತ್ತರ ಕೊಟ್ಟಿತು. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 57.2, ಹತ್ತರಿಂದ ಹದಿನೇಳು ವರ್ಷದವರಲ್ಲಿ ಶೇ 61.6 ಮಂದಿಯ ರಕ್ತದಲ್ಲಿ ಕೊರೊನಾ ವಿರುದ್ಧದ ಪ್ರತಿಕಾಯಗಳಿದ್ದವು. ಇವರಲ್ಲಿ ಯಾರಿಗೂ ಲಸಿಕೆ ಆಗಿರಲಿಲ್ಲ, ಏಕೆಂದರೆ ಮಕ್ಕಳ ಲಸಿಕೆ ಬಂದದ್ದೇ 2022ರ ಜನವರಿ 3ರಂದು, ಅದೂ 15 ದಾಟಿದವರಿಗೆ. 12ರಿಂದ 14ರವರಿಗೆ ಮಾರ್ಚ್ 16ರಂದು. ಅಂದರೆ ಶಾಲೆಯ ಮುಖವನ್ನೇ ನೋಡದ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮನೆಯಲ್ಲಿ, ಓಣಿಯಲ್ಲಿ, ಮದುವೆ ಮನೆಗಳಲ್ಲಿ ಆಗಲೇ ಸೋಂಕು ತಗುಲಿ ಹೋಗಿತ್ತು. ಡಾ. ದೇವಿ ಶೆಟ್ಟಿ ನೇತೃತ್ವದ ತಜ್ಞರ ಸಮಿತಿ 2021ರ ಜೂನ್‌ನಲ್ಲೇ ರಾಜ್ಯ ಸರ್ಕಾರಕ್ಕೆ ವರದಿ ಕೊಟ್ಟು ಶಾಲೆ ತೆರೆಯಿರಿ ಎಂದಿತ್ತು. ಮುಚ್ಚಿಟ್ಟರೆ ಅಪೌಷ್ಟಿಕತೆ, ಬಾಲಕಾರ್ಮಿಕ ಪದ್ಧತಿ, ಬಾಲ್ಯವಿವಾಹ ಹೆಚ್ಚುತ್ತವೆ ಎಂಬುದು ಅದರ ಕಾರಣ. ಹೃದ್ರೋಗ ತಜ್ಞರೊಬ್ಬರ ಸಮಿತಿ ಮಕ್ಕಳ ಆರೋಗ್ಯದ ಹೆಸರಿನಲ್ಲಿ ಮದುವೆ ಮತ್ತು ಕೂಲಿಯ ಮಾತನಾಡಿದ್ದು ಗಮನಿಸಬೇಕಾದ ಸಂಗತಿ. ಹದಿನಾಲ್ಕರ ಹುಡುಗಿ ಶಾಲೆಯಿಂದ ನೇರವಾಗಿ ಗಂಡನ ಮನೆಗೆ ಹೋದರೆ, ಎರಡು ವರ್ಷದೊಳಗೆ ಅವಳೂ ಅವಳ ಕೂಸೂ ಆರೋಗ್ಯ ಇಲಾಖೆಯ ಅಪಾಯದ ಪಟ್ಟಿಯಲ್ಲಿ ಬರುತ್ತಾರೆ.

ಆದರೆ ಅದೇ ಬೇಸಿಗೆಯಲ್ಲಿ ಟಿವಿ ಪರದೆಗಳ ಮೇಲೆ ಓಡುತ್ತಿದ್ದ ಸುದ್ದಿ ಬೇರೆ: ಮೂರನೆಯ ಅಲೆ ಮಕ್ಕಳನ್ನೇ ಗುರಿ ಮಾಡುತ್ತದೆ. ಇದಕ್ಕೆ ಆಧಾರವಿಲ್ಲವೆಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2021ರ ಮೇ ತಿಂಗಳಲ್ಲೇ ಹೇಳಿತು. ದೊಡ್ಡವರಿಗೆಲ್ಲ ಲಸಿಕೆಯಾಗುತ್ತಿದೆ, ಉಳಿದವರು ಮಕ್ಕಳು, ಆದ್ದರಿಂದ ಅವರದೇ ಸರದಿ ಎಂಬ ತರ್ಕ ಸರಳವಾಗಿತ್ತು, ಸರಳವಾದ್ದರಿಂದಲೇ ಹಬ್ಬಿತು. ಆ ಗಾಬರಿಯಿಂದ ಒಂದು ಲಾಭವಂತೂ ಆಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ತುರ್ತು ಚಿಕಿತ್ಸೆಯ ಹಾಸಿಗೆಗಳೂ ಆಮ್ಲಜನಕದ ಕೊಳವೆಗಳೂ ಬಂದವು, ಆರೋಗ್ಯ ನಂದನ ಎಂಬ ಹೆಸರಿನಲ್ಲಿ ಮಕ್ಕಳ ಅಪೌಷ್ಟಿಕತೆಯ ತಪಾಸಣೆಯೂ ನಡೆಯಿತು. ಮಕ್ಕಳನ್ನು ಗುರಿ ಮಾಡದೇ ಹೋದ ಅಲೆಗೆ ಕಟ್ಟಿದ ಒಡ್ಡು ಡೆಂಗಿಯ ಕಾಲಕ್ಕೆ ಉಪಯೋಗಕ್ಕೆ ಬಂತು ಎನ್ನಬಹುದು.

ಮನೆಯೊಳಗೆ ಆ ಗಾಬರಿ ತೆಗೆದುಕೊಂಡ ರೂಪ ಅಷ್ಟು ನಿರುಪದ್ರವಿಯಾಗಿರಲಿಲ್ಲ. ನಮ್ಮ ಬೀದಿಯಲ್ಲಿ ಆ ಮೇ ತಿಂಗಳು ಒಂದು ಮಾತ್ರೆ ಚೀಟಿ ವಾಟ್ಸ್ಆ್ಯಪಿನಲ್ಲಿ ಮನೆಯಿಂದ ಮನೆಗೆ ಓಡಾಡಿತು. ಐವರ್‌ಮೆಕ್ಟಿನ್, ಡಾಕ್ಸಿಸೈಕ್ಲಿನ್, ಸ್ಟೀರಾಯ್ಡ್, ಎಲ್ಲವೂ ಅದರಲ್ಲಿತ್ತು. ದೊಡ್ಡವರಿಗೆ ಒಂದು, ಮಕ್ಕಳಿಗೆ ಅರ್ಧ ಎಂದು ಕೆಳಗೆ ಯಾರೋ ಸೇರಿಸಿದ್ದರು. ಎಂಟು ವರ್ಷದೊಳಗಿನ ಮಕ್ಕಳ ಹಲ್ಲಿಗೆ ಡಾಕ್ಸಿಸೈಕ್ಲಿನ್ ಗುಂಪಿನ ಔಷಧಿಗಳು ಕಲೆ ಹಿಡಿಸಬಹುದೆಂಬ ಕಾರಣಕ್ಕೆ ವೈದ್ಯರು ಹಿಂಜರಿಯುತ್ತಾರೆ ಎಂಬುದು ಅರ್ಧ ಮಾತ್ರೆ ಮುರಿದು ಕೊಟ್ಟವರಿಗೆ ತಿಳಿದಿರಲಿಲ್ಲ. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2021ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಖಡಾಖಂಡಿತವಾಗಿತ್ತು: 18ರೊಳಗಿನವರಿಗೆ ರೆಮ್‌ಡೆಸಿವಿರ್ ಬೇಡ, ಸೌಮ್ಯ ರೋಗದಲ್ಲಿ ಸ್ಟೀರಾಯ್ಡ್ ಹಾನಿಕರ, ಎದೆಯ ಸಿಟಿ ಸ್ಕ್ಯಾನನ್ನು ಸುಮ್ಮಸುಮ್ಮನೆ ಮಾಡಿಸಬೇಡಿ, ಐದು ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಬೇಡ. ಜ್ವರಕ್ಕೆ ತೂಕ ನೋಡಿ ಪ್ಯಾರಸಿಟಮಾಲ್, ಕುಡಿಯಲು ಧಾರಾಳವಾಗಿ ನೀರು-ಗಂಜಿ, ಹೊಟ್ಟೆಗೆ ಸರಿಯಾಗಿ ಊಟ, ಇಷ್ಟೇ ಬಹುಪಾಲು ಮಕ್ಕಳಿಗೆ ಬೇಕಾದ ಚಿಕಿತ್ಸೆ.

ಹನ್ನೆರಡು ದಾಟಿದ ಮಕ್ಕಳಿಗೆ ಅದೇ ಮಾರ್ಗಸೂಚಿಯಲ್ಲಿ ಒಂದು ಸರಳ ಪರೀಕ್ಷೆ ಇತ್ತು: ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಕೋಣೆಯೊಳಗೇ ಆರು ನಿಮಿಷ ಬಿಡದೆ ನಡೆಸುವುದು. ಅಷ್ಟರಲ್ಲಿ ಆಮ್ಲಜನಕದ ಅಂಕಿ 94ಕ್ಕಿಂತ ಕೆಳಗಿಳಿದರೆ, ಅಥವಾ ಮಗುವಿಗೆ ಏದುಸಿರು ಬಂದರೆ, ಆಸ್ಪತ್ರೆ. ಎಳೆಯ ಕೂಸಿಗೆ ಈ ಉಪಾಯ ನಡೆಯದು, ದೊಡ್ಡವರ ಆಕ್ಸಿಮೀಟರಿನ ಕ್ಲಿಪ್ಪಿನಲ್ಲಿ ಆ ಬೆರಳು ನಿಲ್ಲುವುದೇ ಇಲ್ಲ. ಅಲ್ಲಿ ಬೇಕಾದದ್ದು ಗಡಿಯಾರ ಮತ್ತು ತಾಳ್ಮೆ. ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಅಲ್ಲಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಉಸಿರು ಈ ಸಂಖ್ಯೆಯನ್ನು ಮುಟ್ಟಿದರೆ ಅಥವಾ ಮೀರಿದರೆ ಅದು ವೇಗದ ಉಸಿರಾಟ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ ತಡಮಾಡುವ ಮಾತೇ ಇಲ್ಲ. ಇದು ಕೋವಿಡ್‌ಗೆಂದು ಕಂಡುಹಿಡಿದದ್ದಲ್ಲ, ನ್ಯುಮೋನಿಯಾಕ್ಕೆ ದಶಕಗಳಿಂದ ಹಳ್ಳಿಯ ಕಾರ್ಯಕರ್ತೆಯರಿಗೆ ಕಲಿಸುತ್ತ ಬಂದ ಎಣಿಕೆ. ಟಿವಿಯವರು ಹಾಸಿಗೆಗಳ ಸಂಖ್ಯೆ ಓದುತ್ತಿದ್ದ ಸಮಯದಲ್ಲಿ ಈ ಮೂರು ಅಂಕಿಗಳನ್ನು ಪರದೆಯ ಕೆಳಗೆ ಓಡಿಸಿದ್ದರೆ ಎಷ್ಟೋ ತಾಯಂದಿರಿಗೆ ಅನುಕೂಲವಾಗುತ್ತಿತ್ತು.

ವೈರಾಣು ಮಕ್ಕಳಿಗೆ ತಾನೇ ತಂದ ಅಪಾಯಗಳಲ್ಲಿ ನಿಜವಾಗಿ ಎಚ್ಚರ ಬೇಕಾಗಿದ್ದುದು ಒಂದಕ್ಕೆ. 2020ರ ಏಪ್ರಿಲ್ ಕೊನೆಯಲ್ಲಿ ಬ್ರಿಟನ್ನಿನ ಮಕ್ಕಳ ತೀವ್ರ ನಿಗಾ ವೈದ್ಯರು ಒಂದು ವಿಚಿತ್ರ ಕಾಯಿಲೆಯ ಬಗ್ಗೆ ತಮ್ಮ ಸಹೋದ್ಯೋಗಿಗಳನ್ನು ಎಚ್ಚರಿಸಿದರು. ಮೇ 15ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ವ್ಯಾಖ್ಯೆ ಕೊಟ್ಟಿತು. ವೈದ್ಯರು ಮಿಸ್-ಸಿ ಎನ್ನುವ ಈ ಬಹು ಅಂಗಾಂಗ ಉರಿಯೂತ ಸೋಂಕಿನ ಜೊತೆಗೆ ಬರುವುದಿಲ್ಲ, ಸೋಂಕು ಮರೆತುಹೋದ ಎರಡರಿಂದ ಆರು ವಾರಗಳ ಮೇಲೆ ಬರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಹದ ತಪ್ಪಿ ತನ್ನ ರಕ್ತನಾಳಗಳ ಮೇಲೂ ಹೃದಯದ ಮೇಲೂ ತಿರುಗಿ ಬೀಳುವುದರಿಂದ ಆಗುವ ಕಾಯಿಲೆ ಇದು. ಮೂರು ದಿನಕ್ಕೂ ಬಿಡದ ಜ್ವರ, ಕಣ್ಣು ಕೆಂಪು, ಮೈಮೇಲೆ ದದ್ದು, ಹೊಟ್ಟೆನೋವು, ವಾಂತಿ. ದದ್ದು ನೋಡಿ ದಡಾರವೆಂದೂ, ಹೊಟ್ಟೆನೋವು ನೋಡಿ ಅಪೆಂಡಿಕ್ಸ್ ಎಂದೂ ದಾರಿ ತಪ್ಪುವ ಸಂಭವ ಹೆಚ್ಚು. ಬೇಗ ಗುರುತಿಸಿದರೆ ಇಮ್ಯುನೊಗ್ಲಾಬ್ಯುಲಿನ್ ಮತ್ತು ಸ್ಟೀರಾಯ್ಡ್‌ನಿಂದ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಸೌಮ್ಯ ಕೋವಿಡ್‌ನಲ್ಲಿ ಕೊಡಬಾರದ ಸ್ಟೀರಾಯ್ಡ್ ಇಲ್ಲಿ ಪ್ರಾಣ ಉಳಿಸುತ್ತದೆ ಎಂಬುದೇ ಮಾತ್ರೆ ಚೀಟಿಯನ್ನು ಹಂಚಬಾರದೆಂಬುದಕ್ಕೆ ಸಾಕಷ್ಟು ಕಾರಣ. ಇಮ್ಯುನೊಗ್ಲಾಬ್ಯುಲಿನ್ನನ್ನು ಮಗುವಿನ ತೂಕಕ್ಕೆ ತಕ್ಕಂತೆ ಕೊಡಬೇಕು, ಬೆಲೆ ದುಬಾರಿ. ತೂಕ ಹೆಚ್ಚಿದಂತೆ ಬಿಲ್ಲೂ ಏರುವ ಈ ಔಷಧಿ ಕೂಲಿಕಾರರ ಮಗುವಿಗೆ ಸಿಗುವುದು ಸರ್ಕಾರಿ ಆಸ್ಪತ್ರೆಯ ದಾಸ್ತಾನಿನಲ್ಲಿದ್ದರೆ ಮಾತ್ರ.

ಎದೆಹಾಲಿನ ವಿಷಯದಲ್ಲೂ ಆರಂಭದ ತಿಂಗಳುಗಳಲ್ಲಿ ಗೊಂದಲವಾಯಿತು. ಸೋಂಕಿತ ಬಾಣಂತಿಯಿಂದ ಕೂಸನ್ನು ಬೇರೆ ಮಾಡಿ ಡಬ್ಬಿ ಹಾಲು ಕುಡಿಸಿದ ಕಡೆಗಳಿದ್ದವು. ತಾಯಿ ಮಾಸ್ಕ್ ಹಾಕಿ, ಕೈ ತೊಳೆದು ಹಾಲುಣಿಸಲಿ, ಬೇರ್ಪಡಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಬೇಗನೆ ಸ್ಪಷ್ಟಪಡಿಸಿತು. ಇನ್ನು ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರ 2021ರ ಮೇ ಕೊನೆಯಲ್ಲಿ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ದುಡಿಯುವ ತಂದೆಯನ್ನು ಮಾತ್ರ ಕಳೆದುಕೊಂಡು, ತಾಯಿ ಮನೆಗೆಲಸಕ್ಕೆ ಇಳಿದಾಗ ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಹುಡುಗಿ ಅನಾಥಳ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅವಳ ಊಟ, ನಿದ್ದೆ, ಮಂಕುಗಳ ಲೆಕ್ಕ ಯಾವ ಕಾರ್ಡಿನಲ್ಲೂ ಇಲ್ಲ.

ಮುಂದಿನ ಸಾಂಕ್ರಾಮಿಕ ಕೋವಿಡ್‌ನಂತೆಯೇ ಮಕ್ಕಳನ್ನು ಅಷ್ಟಾಗಿ ಕಾಡದೆ ಬಿಟ್ಟೀತು ಎನ್ನಲು ಆಧಾರವಿಲ್ಲ. 1918ರ ಫ್ಲೂ ಇಪ್ಪತ್ತರಿಂದ ನಲವತ್ತರ ಪ್ರಾಯದವರ ಜೊತೆಗೆ ಐದರೊಳಗಿನ ಮಕ್ಕಳನ್ನೂ ಹೊತ್ತೊಯ್ದಿತ್ತು. ಹಾಗೆ ಬಂದರೆ ಶಾಲೆ ಮುಚ್ಚಲೇಬೇಕಾಗಬಹುದು, ತಿಂಗಳುಗಟ್ಟಲೆಯೂ ಮುಚ್ಚಬೇಕಾಗಬಹುದು. ಆಗ ಏನನ್ನು ಮುಚ್ಚಬೇಕೆಂಬ ಪಟ್ಟಿಯ ಪಕ್ಕದಲ್ಲೇ ಏನನ್ನು ಮುಚ್ಚಬಾರದೆಂಬ ಪಟ್ಟಿಯೂ ಜಿಲ್ಲಾಧಿಕಾರಿಗಳ ಮೇಜಿನ ಮೇಲಿರಬೇಕು, ಮತ್ತು ಅದು ಚಿಕ್ಕದಾಗಿರಬೇಕು: ಗುರುವಾರದ ಲಸಿಕೆ, ತಿಂಗಳ ತೂಕ, ಬೇಯಿಸಿದ ಊಟ, ಹೆರಿಗೆ. ಇವಕ್ಕೆ ಮೀಸಲಾದ ಸಿಬ್ಬಂದಿಯನ್ನು ಬೇರೆ ಕೆಲಸಕ್ಕೆ ಎಳೆಯಬಾರದು. ಪಡಿತರ ಅಂಗಡಿಗೂ ಮದ್ಯದಂಗಡಿಗೂ ಬಳಿದ ಅಂತರದ ಸುಣ್ಣದ ಗುರುತುಗಳನ್ನು ಅಂಗನವಾಡಿಯ ಅಂಗಳದಲ್ಲಿ ಬಳಿಯಲು 2020ರಲ್ಲೂ ಸಾಧ್ಯವಿತ್ತು. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಆರಂಭಿಸುವುದಕ್ಕಾಗಿ 17ರ ಪಲ್ಸ್ ಪೋಲಿಯೊ ದಿನವನ್ನು 31ಕ್ಕೆ ಮುಂದೂಡಲಾಯಿತು. ಎರಡು ವಾರವಷ್ಟೇ, ದೊಡ್ಡ ನಷ್ಟವೇನಿಲ್ಲ. ಆದರೆ ದೊಡ್ಡವರ ಕೆಲಸ ಬಂದಾಗ ಪಕ್ಕಕ್ಕೆ ಸರಿಯುವ ಸರದಿ ಯಾರದೆಂಬುದು ಅದರಲ್ಲೂ ಕಂಡಿತು.

ನಮ್ಮ ಊಹೆಯ ಮಗುವಿಗೆ 2025ರ ಫೆಬ್ರುವರಿ 13ಕ್ಕೆ ಐದು ವರ್ಷ ತುಂಬಿತು. ಅದೂ ಗುರುವಾರವೇ ಆಗಿತ್ತು. ತಪ್ಪಿಹೋದ ದಡಾರ-ರುಬೆಲ್ಲಾ ಡೋಸನ್ನು ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವ ಅವಕಾಶ ಐದು ವರ್ಷದವರೆಗೆ, ಡಿಪಿಟಿಯದು ಏಳರವರೆಗೆ. ಐದರಿಂದ ಆರರ ನಡುವೆ ಡಿಪಿಟಿಯ ಎರಡನೆಯ ಬೂಸ್ಟರ್ ಕೊಡಿಸಲು ಅದರ ತಾಯಿ ಉಪಕೇಂದ್ರಕ್ಕೆ ಬಂದಿದ್ದರೆ, ಅಂಚು ಹರಿದ ಆ ಕಾರ್ಡನ್ನು ಸಿಸ್ಟರ್ ಮೇಜಿನ ಮೇಲೆ ಬಿಡಿಸಿ, ಹಿಂದಿನ ಸಾಲುಗಳನ್ನೂ ಒಮ್ಮೆ ಬೆರಳಿಟ್ಟು ನೋಡಿರುತ್ತಾರೆ.